ಅರೆಗೆಲಸವೂ ಅಪರಾಧವೇ?

ಬಿ.ಎ. ಪಾಸು ಮಾಡಿ ಮನೆಯಲ್ಲಿ ಕುಳಿತಿರುವ ಒಬ್ಬ ಹೆಣ್ಣುಮಗಳನ್ನು ವಾಚಕರು ಕಣ್ಣೆದುರಿಗೆ ತಂದುಕೊಳ್ಳಲಿ. ತಂದೆ ಹಮಾಲಿ, ತಾಯಿ ಬೀಡಿ ಕಟ್ಟುವವಳು. ಸರ್ಕಾರದ ಯುವನಿಧಿಯಿಂದ ಆಕೆಗೆ ತಿಂಗಳಿಗೆ 3,000 ರೂಪಾಯಿ ಬರುತ್ತಿದೆ. ಹೀಗಿರುವಾಗ ಪೇಟೆಯ ಜವಳಿ ಅಂಗಡಿಯವರು ದಿನಾ ಸಂಜೆ ಮೂರು ಗಂಟೆ ಬಂದು ಲೆಕ್ಕ ಬರೆಯಲು ಕರೆಯುತ್ತಾರೆ. ತಿಂಗಳ ಸಂಬಳ 2,000 ರೂಪಾಯಿ. ಆಕೆ ಹೋಗಬೇಕೇ, ಬೇಡವೇ?

ಹೋದರೆ ಆಕೆ ನಿರುದ್ಯೋಗಿಯಲ್ಲ. ಖಾಸಗಿ ನೌಕರಿ ಹಿಡಿದವಳು. ಭತ್ಯೆ ನಿಲ್ಲುತ್ತದೆ. 3,000 ಹೋಯಿತು, 2,000 ಬಂತು. ದುಡಿದ ತಪ್ಪಿಗೆ ತಿಂಗಳಿಗೆ ಸಾವಿರ ರೂಪಾಯಿ ದಂಡ! ಹೋಗದಿದ್ದರೆ ಸೋಮಾರಿ ಎಂಬ ಹೆಸರು. ಹೋಗಿಯೂ ಹೇಳದಿದ್ದರೆ ಸುಳ್ಳು ಘೋಷಣೆ ಕೊಟ್ಟ ಅಪರಾಧಿ. ಈ ಮೂರು ದಾರಿಗಳಲ್ಲಿ ಮರ್ಯಾದೆಯ ದಾರಿ ಯಾವುದೆಂದು ಯೋಜನೆ ರೂಪಿಸಿದ ಮಹಾಶಯರೇ ಹೇಳಬೇಕು.

2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿಯನ್ನು ನಾವು ಹಳಿಯುವವರಲ್ಲ. ಪದವೀಧರರಿಗೆ 3,000, ಡಿಪ್ಲೊಮಾ ಮುಗಿಸಿದವರಿಗೆ 1,500 ರೂಪಾಯಿ. ಪಾಸಾಗಿ ಆರು ತಿಂಗಳು ಕೆಲಸ ಸಿಗದಿದ್ದವರಿಗೆ ಹೆಚ್ಚೆಂದರೆ ಎರಡು ವರ್ಷ. ಕೆಲಸವಿಲ್ಲದವನಿಗೆ ನೆರವಾಗುವುದು ರಾಜ್ಯದ ಹೊಣೆ ಎಂದು ಸಂವಿಧಾನದ 41ನೇ ವಿಧಿ 1950ರಿಂದಲೂ ಹೇಳುತ್ತಿದೆ. ಹಾಗೆ ಹೇಳಿದ್ದನ್ನು ಇಷ್ಟಾದರೂ ಕೈಗೆ ಮುಟ್ಟಿಸಿದ್ದು ಒಳ್ಳೆಯದೇ. ನಮ್ಮ ತಕರಾರು ಹಣದ ಮೇಲಲ್ಲ; ಆ ಹಣಕ್ಕೆ ಕಟ್ಟಿರುವ ಷರತ್ತಿನ ಮೇಲೆ. ನಿರುದ್ಯೋಗಿಯೋ ಅಲ್ಲವೋ ಎಂಬ ಒಂದೇ ಪ್ರಶ್ನೆ. ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರ. ನಡುವೆ ನಿಂತವರಿಗೆ ಅಲ್ಲಿ ಜಾಗವೇ ಇಲ್ಲ.

ನಮ್ಮ ಊರುಗಳಲ್ಲಿ ನಡುವೆ ನಿಂತವರೇ ಹೆಚ್ಚು. ವಾರಕ್ಕೆ ಎರಡು ದಿನ ಮಂಡಿಯಲ್ಲಿ ಚೀಟಿ ಬರೆಯುವವನು, ಮದುವೆಯ ಕಾಲದಲ್ಲಿ ಮಾತ್ರ ಫೋಟೋ ತೆಗೆಯಲು ಹೋಗುವವನು, ಪರೀಕ್ಷೆ ಹತ್ತಿರವಾದಾಗ ನಾಲ್ಕು ಮಕ್ಕಳಿಗೆ ಪಾಠ ಹೇಳುವವಳು, ರಾತ್ರಿ ಹೊತ್ತು ಬೈಕಿನಲ್ಲಿ ಊಟದ ಪೊಟ್ಟಣ ತಲುಪಿಸುವವನು, ಇವರೆಲ್ಲ ಉದ್ಯೋಗಸ್ಥರೇ? ಅಪ್ಪನನ್ನು ಕೇಳಿದರೆ ಮಗ ಮನೆಯಲ್ಲೇ ಇದ್ದಾನೆ ಎನ್ನುತ್ತಾನೆ. ಸರ್ಕಾರವನ್ನು ಕೇಳಿದರೆ ಮಾತ್ರ ಲೆಕ್ಕ ಬೇರೆ. 2017ರಲ್ಲಿ ಆರಂಭವಾದ ಕೇಂದ್ರದ ಶ್ರಮಶಕ್ತಿ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದವನೂ ಉದ್ಯೋಗಸ್ಥನೇ. ನಿರುದ್ಯೋಗಿಗಳ ಸಂಖ್ಯೆ ಇಳಿಸಿ ತೋರಿಸಲು ಒಂದು ಗಂಟೆಯ ಕೂಲಿ ಸಾಕು; ಆ ಕೂಲಿಯಲ್ಲಿ ಹೊಟ್ಟೆ ತುಂಬುತ್ತದೆಯೇ ಎಂದು ಕೇಳುವವರಿಲ್ಲ.

ದುಡಿಯುವವನ ಮೇಲಿನ ಈ ಸಂಶಯ ಇಂದಿನದಲ್ಲ. ಕಾರ್ಖಾನೆ ಕೆಲಸ ಕೊಡಲಾಗದ ದಿನಗಳಿಗೆ ಕೂಲಿಕಾರನಿಗೆ ಅರ್ಧ ವೇತನ ಕೊಡಬೇಕೆಂದು 1953ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಗೆ ತಿದ್ದುಪಡಿಯಾಯಿತು. ಕಾರ್ಮಿಕರು ಹೋರಾಡಿ ಪಡೆದ ಹಕ್ಕು ಅದು. ಆದರೆ ಆ ಅರ್ಧ ವೇತನ ಬೇಕಾದರೆ ದಿನಕ್ಕೊಮ್ಮೆಯಾದರೂ ನಿಗದಿಯಾದ ವೇಳೆಗೆ ಗೇಟಿನ ಮುಂದೆ ಹಾಜರಾಗಬೇಕೆಂಬ ಕಟ್ಟಳೆಯೂ ಜೊತೆಗೇ ಬಂತು. ಗೇಟು ಕಾಯುವವನು ಉಳಿದರ್ಧ ಹೊಟ್ಟೆಗೆ ಬೇರೆಡೆ ಕೂಲಿಗೆ ಹೋಗುವುದೆಂತು?

ನಿರುದ್ಯೋಗ ವಿಮೆಯನ್ನು 1911ರಷ್ಟು ಹಿಂದೆಯೇ ಶಾಸನ ಮಾಡಿದ ಬ್ರಿಟನ್ನಿನಲ್ಲಿಯೂ ಹೀಗೆಯೇ ಆಯಿತು. ಅಲ್ಲಿ ಎಡವಿದವರು ಬಂಡವಾಳಗಾರರ ಪಕ್ಷದವರಲ್ಲ, ಕಾರ್ಮಿಕ ಪಕ್ಷದವರೇ. 1931ರಲ್ಲಿ ಆ ಪಕ್ಷದ ಸರ್ಕಾರದಲ್ಲಿ ಕಾರ್ಮಿಕ ಮಂತ್ರಿಯಾಗಿದ್ದ ಮಾರ್ಗರೆಟ್ ಬಾಂಡ್‌ಫೀಲ್ಡ್ ಒಂದು ಶಾಸನ ತಂದರು. ವಿಮೆಯಲ್ಲಿರುವ ವಿಪರೀತಗಳನ್ನು ತೆಗೆಯುವುದೇ ಅದರ ಉದ್ದೇಶವೆಂದರು. ಆ ವಿಪರೀತಗಳೆಂದರೆ ಯಾರು? ವಾರಪೂರ್ತಿ ಕೆಲಸವಿಲ್ಲದವರು, ಹಂಗಾಮಿನ ಕೂಲಿಕಾರರು, ಮದುವೆಯಾದ ಹೆಂಗಸರು! ಜೇಮ್ಸ್ ಮ್ಯಾಕ್ಸ್‌ಟನ್ ಮೊದಲಾದ ಸಮಾಜವಾದಿಗಳು ವಿರೋಧಿಸಿದರೂ ಶಾಸನ ಬಂತು. ವಂತಿಗೆ ಕಟ್ಟಿದ್ದ ಸಾವಿರಾರು ಹೆಣ್ಣುಮಕ್ಕಳ ಕೈಯಿಂದ ಭತ್ಯೆ ತಪ್ಪಿತು. ಆ ಸರ್ಕಾರವೂ ಅದೇ ವರ್ಷ ಆಗಸ್ಟಿನಲ್ಲಿ ಉರುಳಿತು. ಖಜಾನೆ ಬರಿದಾದಾಗ ಮೊದಲು ಕತ್ತರಿ ಬೀಳುವುದು ಅರೆಗೆಲಸದವರ ಮೇಲೆ ಎಂಬ ಪಾಠವನ್ನು ಸಮಾಜವಾದಿಗಳೆನಿಸಿಕೊಂಡವರು ಮರೆಯಬಾರದು.

ಬೇರೆ ದಾರಿ ಇಲ್ಲವೇ? ಇದೆ. ಜರ್ಮನಿಯಲ್ಲಿ ವಿಮೆಯ ಭತ್ಯೆ ಪಡೆಯುವವನು ವಾರಕ್ಕೆ 15 ಗಂಟೆಗಿಂತ ಕಡಿಮೆ ದುಡಿದರೆ ನಿರುದ್ಯೋಗಿಯಾಗಿಯೇ ಉಳಿಯುತ್ತಾನೆ. ಕೆಲಸ ಹಿಡಿದದ್ದನ್ನು ಕಛೇರಿಗೆ ತಿಳಿಸಬೇಕು. ತಿಂಗಳಿಗೆ 165 ಯೂರೋವರೆಗಿನ ಗಳಿಕೆಯನ್ನು ಮುಟ್ಟುವುದಿಲ್ಲ. ಅದಕ್ಕೆ ಮೇಲ್ಪಟ್ಟದ್ದನ್ನು ಮಾತ್ರ ಭತ್ಯೆಯಲ್ಲಿ ಮುರಿದುಕೊಳ್ಳುತ್ತಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕಥೆ ಇನ್ನೂ ಬೋಧಪ್ರದ. ಅಲ್ಲಿ ಹಿಂದೆ ಒಂದು ದಿನ ಒಂದು ಗಂಟೆ ದುಡಿದರೂ ವಾರದ ಭತ್ಯೆಯಲ್ಲಿ ಕಾಲು ಭಾಗ ಹೋಗುತ್ತಿತ್ತು; ನಾಲ್ಕು ದಿನ ಒಂದೊಂದು ಗಂಟೆ ದುಡಿದವನಿಗೆ ಆ ವಾರ ಏನೂ ಇಲ್ಲ. 2021ರಲ್ಲಿ ಈ ದಿನಗಳ ಲೆಕ್ಕವನ್ನು ಬಿಟ್ಟು ಗಂಟೆಗಳ ಲೆಕ್ಕಕ್ಕೆ ಬಂದರು. ವಾರಕ್ಕೆ 10 ಗಂಟೆಯವರೆಗೆ ಕಡಿತವಿಲ್ಲ. ಆಮೇಲೆ ಕಾಲು, ಅರ್ಧ, ಮುಕ್ಕಾಲು ಎಂದು ಮೆಟ್ಟಿಲು ಮೆಟ್ಟಿಲಾಗಿ ಕಡಿತ. 30 ಗಂಟೆ ದಾಟಿದರೆ ಭತ್ಯೆ ಪೂರಾ ನಿಲ್ಲುತ್ತದೆ. ಗಳಿಕೆಗೂ ಒಂದು ಮಿತಿ ಇದೆ. ಬಂಡವಾಳಶಾಹಿಯ ತವರಿನಲ್ಲಿಯೇ ಒಪ್ಪಿಕೊಂಡ ನ್ಯಾಯ ನಮ್ಮ ವಿಧಾನಸೌಧಕ್ಕೆ ತಲುಪಬಾರದೇ?

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಅದು ನಮ್ಮವರಿಂದಲೇ ಏಳುವುದರಿಂದ ಉತ್ತರ ಹೇಳಲೇಬೇಕು. ಅರೆಗೆಲಸದವನಿಗೆ ಸರ್ಕಾರ ತುಂಬಿಕೊಟ್ಟರೆ ಧಣಿ ಕೂಲಿಯನ್ನು ಇನ್ನೂ ಇಳಿಸುವುದಿಲ್ಲವೇ? ಬೊಕ್ಕಸದ ಹಣ ಸುತ್ತಿ ಬಳಸಿ ಅಂಗಡಿಯವನ ಗಲ್ಲಾಪೆಟ್ಟಿಗೆಗೆ ಸೇರುವುದಿಲ್ಲವೇ? ಈ ಭಯ ನಿರಾಧಾರವಲ್ಲ. 1795ರಲ್ಲಿ ಇಂಗ್ಲೆಂಡಿನ ಸ್ಪೀನ್‌ಹ್ಯಾಮ್‌ಲ್ಯಾಂಡಿನಲ್ಲಿ ರೊಟ್ಟಿಯ ಬೆಲೆಗೆ ತಕ್ಕಂತೆ ಬಡ ಕೂಲಿಕಾರರ ಗಳಿಕೆಯನ್ನು ತುಂಬಿಕೊಡುವ ಏರ್ಪಾಡಾದಾಗ, ಜಮೀನುದಾರರು ಕೂಲಿ ಇಳಿಸಿದರೆಂಬ ದೂರು ಎದ್ದಿತು. ಆದರೆ ಮುಂದೇನಾಯಿತು? ಆ ದೂರನ್ನೇ ನೆಪಮಾಡಿಕೊಂಡು 1834ರಲ್ಲಿ ಹೊಸ ಶಾಸನ ತಂದು, ನೆರವು ಬೇಡಿದವರನ್ನು ದುಡಿಮೆಮನೆಗಳಿಗೆ ತಳ್ಳಿದರು. ತಪ್ಪು ಧಣಿಯದು, ಶಿಕ್ಷೆ ಕೂಲಿಯವನಿಗೆ. ಆ ನ್ಯಾಯ ನಮಗೆ ಬೇಡ.

ಕೂಲಿ ಇಳಿಸುವ ಧಣಿಗೆ ಮದ್ದು ಬೇರೆಯೇ ಇದೆ. ಮೇಲೆ ಹೇಳಿದ 2,000 ರೂಪಾಯಿಯನ್ನೇ ನೋಡಿ. ದಿನಕ್ಕೆ 3 ಗಂಟೆ, ತಿಂಗಳಿಗೆ 26 ದಿನ, ಒಟ್ಟು 78 ಗಂಟೆ. ಗಂಟೆಗೆ 26 ರೂಪಾಯಿಯೂ ತುಂಬುವುದಿಲ್ಲ! ಕನಿಷ್ಠ ವೇತನದ ಕಾನೂನು 1948ರಲ್ಲಿಯೇ ಬಂತು. ಈಗ ಅದು 2019ರ ವೇತನ ಸಂಹಿತೆಯಲ್ಲಿ ಸೇರಿಹೋಗಿದೆ. ಆ ಕಾನೂನು ಅರೆಹೊತ್ತಿನ ಕೆಲಸಕ್ಕೂ ಗಂಟೆಯ ಲೆಕ್ಕದಲ್ಲಿ ಮುಟ್ಟುವಂತೆ ಮಾಡಿದರೆ ಬೊಕ್ಕಸಕ್ಕೂ ಲಾಭ, ದುಡಿಯುವವರಿಗೂ ಲಾಭ. ಇಂದು ಭತ್ಯೆ ಕಳೆದೀತೆಂದು ಹೆದರಿ ಕದ್ದು ದುಡಿಯುವ ಹುಡುಗಿ, ಸಂಬಳ ಕಡಿಮೆಯಾಯಿತೆಂದು ಯಾವ ಇನ್‌ಸ್ಪೆಕ್ಟರನ ಮುಂದೆ ಬಾಯಿ ಬಿಟ್ಟಾಳು? ಆಕೆಯ ಗುಟ್ಟು ಅಂಗಡಿಯವನ ಕೈಯಲ್ಲಿದೆ. ಧಣಿಗಳಿಗೆ ನೆರವಾಗುತ್ತಿರುವುದು ಭತ್ಯೆಯಲ್ಲ. ಭತ್ಯೆಗೆ ಕಟ್ಟಿದ ಭಯ.

ಆದ್ದರಿಂದ ಸರ್ಕಾರದ ಮುಂದೆ ನಾವು ನಾಲ್ಕು ಬೇಡಿಕೆಗಳನ್ನು ಇಡುತ್ತೇವೆ.

ಮೊದಲನೆಯದು: ತಿಂಗಳಿಗೆ 1,500 ರೂಪಾಯಿವರೆಗಿನ ಗಳಿಕೆಯನ್ನು ಮುಟ್ಟಬಾರದು. ಅದಕ್ಕೆ ಮೇಲ್ಪಟ್ಟ ಪ್ರತಿ ರೂಪಾಯಿಗೆ ಭತ್ಯೆಯಲ್ಲಿ 50 ಪೈಸೆ ಮಾತ್ರ ಮುರಿಯಬೇಕು. ಆಗ 2,000 ಗಳಿಸುವ ಪದವೀಧರೆಗೆ 2,750 ರೂಪಾಯಿ ಭತ್ಯೆ ಉಳಿಯುತ್ತದೆ. ಒಟ್ಟು ಕೈಸೇರುವುದು 4,750. ಗಳಿಕೆ 7,500 ಮುಟ್ಟಿದಾಗ ಭತ್ಯೆ ತಾನಾಗಿ ಮುಗಿಯುತ್ತದೆ. ದುಡಿದಷ್ಟೂ ಲಾಭವೇ ಹೊರತು ನಷ್ಟವಿಲ್ಲ.

ಎರಡನೆಯದು: ಘೋಷಣೆಯ ನಮೂನೆ ಬದಲಾಗಬೇಕು. ನೀನು ನಿರುದ್ಯೋಗಿಯೇ ಎಂದು ಪ್ರಮಾಣ ಮಾಡಿಸುವ ಬದಲು, ಎಷ್ಟು ದಿನ ದುಡಿದೆ, ಎಷ್ಟು ಬಂತು ಎಂದು ಕೇಳಲಿ. ನಿಜ ಹೇಳಲು ಜಾಗ ಕೊಟ್ಟರೆ ಜನ ನಿಜ ಹೇಳುತ್ತಾರೆ.

ಮೂರನೆಯದು: ತಿಳಿಯದೆ ಹೆಚ್ಚು ಪಡೆದವರನ್ನು ವಂಚಕರ ಸಾಲಿನಲ್ಲಿ ನಿಲ್ಲಿಸಬಾರದು. ಮೊದಲು ಅವರ ಮಾತು ಕೇಳಬೇಕು. ವಸೂಲಿ ಮಾಡುವುದಾದರೆ ಸಣ್ಣ ಕಂತುಗಳಲ್ಲಿ ಮಾಡಬೇಕು.

ನಾಲ್ಕನೆಯದು: ಅರೆಹೊತ್ತಿನ ಕೆಲಸಕ್ಕೆ ಗಂಟೆಯ ಕನಿಷ್ಠ ಕೂಲಿಯನ್ನು ಪ್ರತಿ ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಿಸಬೇಕು. ಕಾರ್ಮಿಕ ಇಲಾಖೆಯವರು ಅದನ್ನು ತಪಾಸಣೆ ಮಾಡಬೇಕು.

ಇದಕ್ಕೆಲ್ಲ ಹಣವೆಲ್ಲಿ ಎನ್ನುವವರಿಗೆ ಒಂದು ಮಾತು. ಮನೆಯಲ್ಲಿ ಸುಮ್ಮನೆ ಕುಳಿತವಳಿಗೆ ಸರ್ಕಾರ 3,000 ಕೊಡುತ್ತಿದೆ. ಅವಳು ಸ್ವಲ್ಪ ದುಡಿದು ನಿಜ ಹೇಳಿದರೆ ಕೊಡಬೇಕಾದದ್ದು 2,750. ಇದರಲ್ಲಿ ಬೊಕ್ಕಸಕ್ಕೆ ಏನು ನಷ್ಟ?

ಪದವೀಧರ ತರುಣ ತರುಣಿಯರಿಗೂ ಒಂದು ಮಾತು ಹೇಳಬೇಕಾಗಿದೆ. ಇಂದಿನ ಕಟ್ಟಳೆ ಇರುವವರೆಗೆ ಸುಳ್ಳು ಘೋಷಣೆಗೆ ಕೈ ಹಾಕಬೇಡಿರಿ. ಸಿಕ್ಕಿಬೀಳುವವರು ನೀವು, ನಗುವವರು ಅಂಗಡಿಯವರು. ಅದರ ಬದಲು ನಿಮ್ಮ ತಾಲ್ಲೂಕಿನಲ್ಲಿ ಒಟ್ಟುಗೂಡಿರಿ. ಅರೆಗೆಲಸ ಸಿಕ್ಕರೂ ಹೆದರಿ ಬಿಟ್ಟವರ ಪಟ್ಟಿ ಮಾಡಿರಿ. ಆ ಪಟ್ಟಿ ಹಿಡಿದು ನಿಮ್ಮ ಶಾಸಕರ ಮನೆಯ ಬಾಗಿಲಿಗೆ ಹೋಗಿರಿ. ಕದ್ದು ದುಡಿಯುವುದು ನಮ್ಮ ಮಕ್ಕಳ ಹಣೆಬರಹವಲ್ಲ. ಕಟ್ಟಳೆ ಬರೆದವರೂ ಮನುಷ್ಯರೇ. ಅದನ್ನು ತಿದ್ದಿಸುವುದು ನಮ್ಮಿಂದಾಗದ ಕೆಲಸವೇನಲ್ಲ.