ಲಕ್ಷ್ಮಿಯ ಶಟರ್ ಎತ್ತಿದಾಗ

ಮುಂಬೈಯ ಪೇಟೆಬೀದಿಗಳಲ್ಲಿ ದಿನ ಶುರುವಾಗುವುದು ಶಟರ್ ಎತ್ತುವ ಗಡಗಡ ಸದ್ದಿನಿಂದ. ಘಾಟ್ಕೋಪರ್‌ನ ಕಲಾವಿದ ಅತುಲ್ ದೋಡಿಯಾ ಆ ಶಟರಿನ ಮೇಲೆಯೇ ಚಿತ್ರ ಬರೆದರು. 2002ರ ‘ಮಹಾಲಕ್ಷ್ಮಿ’ ಕೃತಿಯಲ್ಲಿ ಹೊರಗೆ ಕಾಣುವುದು ಕ್ಯಾಲೆಂಡರಿನ ಲಕ್ಷ್ಮಿ. ಶಟರ್ ಎತ್ತಿದರೆ ಒಳಗೆ ನೇಣಿಗೆ ಕೊರಳೊಡ್ಡಿದ ಮೂವರು ಅಕ್ಕತಂಗಿಯರು. ವರದಕ್ಷಿಣೆ ಹೊಂದಿಸಲಾಗದ ಮನೆಯ ಹೆಣ್ಣುಮಕ್ಕಳವರು. ಹಣ ಮನುಷ್ಯರನ್ನು ಏನು ಮಾಡುತ್ತದೆಂದು ಇಷ್ಟು ನೇರವಾಗಿ ಹೇಳಿದ ಭಾಷಣ ಈ ನಗರದಲ್ಲಿ ಬಹಳ ಇಲ್ಲ.

ಸಂಪತ್ತು ಒಮ್ಮೆಲೇ ನುಗ್ಗಿದ ಕಡೆಯಲ್ಲೆಲ್ಲ ಕಲಾವಿದರು ಲೆಕ್ಕ ಕೇಳಿದ್ದಾರೆ. ಚೀನಾ ಮಾರುಕಟ್ಟೆಗೆ ತೆರೆದುಕೊಂಡಾಗ ವಾಂಗ್ ಗುವಾಂಗ್‌ಯಿ, ಕ್ರಾಂತಿಕಾಲದ ಪೋಸ್ಟರುಗಳ ಕಾರ್ಮಿಕ, ಸೈನಿಕರನ್ನು ಕೋಕಾ-ಕೋಲಾದ ಹೆಸರಿನ ಪಕ್ಕ ನಿಲ್ಲಿಸಿದರು. ಮುಂಬೈಯಲ್ಲಿ ಆ ಬದಲಾವಣೆಗೆ ಪೋಸ್ಟರು ಬೇಕಿರಲಿಲ್ಲ, ಬಟ್ಟೆ ಗಿರಣಿಗಳ ಗಿರಣಗಾಂವ್ ಇತ್ತು. 1982ರ ಜನವರಿ 18ರಂದು ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಬಹಳಷ್ಟು ಗಿರಣಿಗಳು ಮತ್ತೆ ಚೇತರಿಸಿಕೊಳ್ಳಲೇ ಇಲ್ಲ. ಫೀನಿಕ್ಸ್ ಮಿಲ್ ಇದ್ದ ಜಾಗದಲ್ಲಿ ಇಂದು ಮಾಲ್ ಇದೆ.

ಈ ಕತೆಯನ್ನು ದಶಕಗಟ್ಟಲೆ ತಾಳ್ಮೆಯಿಂದ ಬರೆದವರು ಚಿತ್ರಕಾರ ಸುಧೀರ್ ಪಟವರ್ಧನ್. ವೃತ್ತಿಯಿಂದ ಡಾಕ್ಟರ್, 1975ರಿಂದ ಮೂವತ್ತು ವರ್ಷ ಠಾಣೆಯಲ್ಲಿ ಎಕ್ಸ್‌ರೇ ನೋಡಿದವರು. ಲೋಕಲ್ ರೈಲಿನ ಪ್ರಯಾಣಿಕರು, ಇರಾನಿ ಹೋಟೆಲಿನಲ್ಲಿ ಕುಳಿತವರು, ದುಡಿದು ಬಳಲಿದ ಮೈಗಳು, ಬದಲಾದ ಲೋವರ್ ಪರೇಲ್ ಅವರ ಚಿತ್ರಗಳಲ್ಲಿವೆ. ಅಲ್ಲಿ ಯಾರೂ ಕರುಣೆ ಬೇಡುವುದಿಲ್ಲ. ಬಡವರನ್ನು ಬರೆಯುವ ಕಲೆಯಲ್ಲಿ ಆ ಮರ್ಯಾದೆ ಅಪರೂಪ.

ಕಲಾವಿದ ಜಿತೀಶ್ ಕಲ್ಲಾಟ್ 2007ರಲ್ಲಿ ಇಡೀ ಆಟೊರಿಕ್ಷಾವನ್ನು ಎಲುಬಿನ ಗೂಡಿನಂತೆ ರೂಪಿಸಿದರು. ಮುಂಬೈಯಲ್ಲಿ ರಿಕ್ಷಾ ಓಡುವುದು ಉಪನಗರಗಳಲ್ಲಿ ಮಾತ್ರ; ಬಾಂದ್ರಾ, ಸಾಯನ್ ದಾಟಿ ದಕ್ಷಿಣಕ್ಕೆ ಬರುವಂತಿಲ್ಲ. ದೊಡ್ಡ ಗ್ಯಾಲರಿಗಳಲ್ಲಿ ಹೆಚ್ಚಿನವು ಇರುವುದು ದಕ್ಷಿಣದ ಕಾಲಾಘೋಡಾ, ಕೊಲಾಬಾ ಸುತ್ತಮುತ್ತ. ಹಗಲಿರುಳು ರಿಕ್ಷಾ ಓಡಿಸುವವನಿಗಿಂತ ಆ ಶಿಲ್ಪವನ್ನು ಚೆನ್ನಾಗಿ ಓದಬಲ್ಲವರು ಯಾರು? ಆದರೆ ಅವನ ದಾರಿ ಅಲ್ಲಿಗೆ ಹೋಗುವುದೇ ಇಲ್ಲ.

ಇಂಥ ಕಲೆ ಕೊನೆಗೆ ಶ್ರೀಮಂತರ ಗೋಡೆ ಸೇರುತ್ತದಲ್ಲ ಎಂಬ ಆಕ್ಷೇಪ ಸುಳ್ಳಲ್ಲ. ಇದೇ ನಗರದಲ್ಲಿ ಸಿನಿಮಾ ಹೋರ್ಡಿಂಗ್ ಬರೆದು ಹೊಟ್ಟೆ ಹೊರೆದ ಎಂ.ಎಫ್. ಹುಸೇನರ ‘ಗ್ರಾಮಯಾತ್ರೆ’ 2025ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು 118 ಕೋಟಿ ರೂಪಾಯಿಗೆ ಹರಾಜಾಯಿತು. ಬೆಲೆ ಸುದ್ದಿಯಾಯಿತು, ಚಿತ್ರದಲ್ಲಿನ ಹಳ್ಳಿಗರು ಸುದ್ದಿಯಾಗಲಿಲ್ಲ. ಹಾಗೆಂದು ಕೃತಿಯ ಮಾತು ಸುಳ್ಳಾಗದು. ತಪ್ಪು ಇರುವುದು ಅದನ್ನು ಯಾರಿಗೆ ತೋರಿಸುತ್ತೇವೆ ಎಂಬಲ್ಲಿ. 2015ರಲ್ಲಿ ಧಾರಾವಿ ಬಿನಾಲೆ ನಡೆದಾಗ ಅಲ್ಲಿನ ನಿವಾಸಿಗಳೇ ಕಲಾವಿದರೊಂದಿಗೆ ಕೂಡಿ ಕೃತಿಗಳನ್ನು ಮಾಡಿದರು, ತಮ್ಮ ಗಲ್ಲಿಗಳಲ್ಲೇ ತೋರಿಸಿದರು. ಆಗುತ್ತದೆ ಎಂಬುದಕ್ಕೆ ಅದೇ ಸಾಕ್ಷಿ.

ಸರ್ಕಾರದ ಕಲಾ ಸಂಗ್ರಹಾಲಯ ತನ್ನ ಪ್ರದರ್ಶನಗಳನ್ನು ಮುಲುಂಡ್, ಡೊಂಬಿವಲಿಗೂ ಒಯ್ಯಲಿ. ಮುಂಬೈಯ ಕನ್ನಡ ಸಂಘಗಳಿಗೂ ಇಲ್ಲಿ ಕೆಲಸವಿದೆ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಈ ನಗರದಲ್ಲೇ ನೆಲೆಸಿದ ಚಿತ್ರಕಾರ ಕೆ.ಕೆ. ಹೆಬ್ಬಾರರನ್ನು ನಮ್ಮವರೆಂದು ಹೆಮ್ಮೆಪಡುವವರು, ಯಕ್ಷಗಾನಕ್ಕೆ ಸೇರಿದಂತೆಯೇ ಒಂದು ಭಾನುವಾರ ಮಕ್ಕಳೊಂದಿಗೆ ಜಹಾಂಗೀರ್ ಗ್ಯಾಲರಿಗೂ ಹೋಗಿ ಬರಲಿ. ಅಲ್ಲಿ ಪ್ರವೇಶಕ್ಕೆ ಹಣ ಕೊಡಬೇಕಿಲ್ಲ. ಚರ್ಚ್‌ಗೇಟಿನಲ್ಲಿ ಇಳಿದರೆ ನಡೆದೇ ಹೋಗಬಹುದು.