ಕೊಣಾಜೆಯ ಲೆಕ್ಕ: ಉಳಿತಾಯ ಯಾರದು, ಖರ್ಚು ಯಾರದು?

ವೆಚ್ಚ ಕಡಿತ, ಪುನಾರಚನೆ, ವಿಲೀನ – ವಿದ್ಯಾ ಇಲಾಖೆಯ ಮಹನೀಯರ ಬಾಯಲ್ಲಿ ಈಗ ಹಗಲಿರುಳೂ ಕೇಳಿಬರುವ ಮಂತ್ರಗಳಿವು. ಕಾರ್ಮಿಕ ಬಂಧುಗಳಿಗೆ ಈ ಮಂತ್ರ ಹೊಸತೇನಲ್ಲ. ಮಂಗಳೂರಿನ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದಾಗ ಧನಿಗಳು ಆಡಿದ್ದೂ ಇದೇ ಭಾಷೆಯನ್ನೇ. ಅಂದು ಹೋದದ್ದು ಕೂಲಿ. ಇಂದು ಕುತ್ತು ಬಂದಿರುವುದು ಕೂಲಿಕಾರನ ಮಕ್ಕಳ ವಿದ್ಯೆಗೆ. ನಾವು ಕಾಲೇಜಿನ ಮೆಟ್ಟಲು ಹತ್ತಿದವರಲ್ಲ. ಆದರೆ ಆ ಮೆಟ್ಟಲನ್ನೇ ಕಿತ್ತು ಹಾಕುವ ಮಾತು ಬಂದಾಗ ಕೇಳುವ ಹಕ್ಕು ನಮಗುಂಟು.

ಕೊಣಾಜೆಯ ಗುಡ್ಡದ ಮೇಲೆ ವಿದ್ಯೆಯ ದೀಪ ಹೊತ್ತಿದ್ದು 1968ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ. 1980ರ ಸೆಪ್ಟೆಂಬರ್ 10ರಂದು ಅದೇ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಅದಕ್ಕೆ ಮುನ್ನ ಜಿಲ್ಲೆಯ ಹುಡುಗನೊಬ್ಬ ಎಂ.ಎ. ಓದಬೇಕಾದರೆ ಘಟ್ಟ ಹತ್ತಿ ಮೈಸೂರಿಗೋ ಧಾರವಾಡಕ್ಕೋ, ಇಲ್ಲವೆ ಮದರಾಸಿಗೋ ಹೋಗಬೇಕಾಗಿತ್ತು. ಹುಡುಗಿಯ ಮಾತಂತೂ ದೂರ. ಜಮೀನು ಇದ್ದವರು ಕಳುಹಿಸಿದರು, ಬೀಡಿ ಕಟ್ಟುವವರು ಕಳುಹಿಸಲಿಲ್ಲ. ಕೊಣಾಜೆ ಬಂದ ಮೇಲೆ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆಗೆ ಮರಳಿ, ರಾತ್ರಿ ತಾಯಿಯ ಜೊತೆ ಕುಳಿತು ಬೀಡಿ ಕಟ್ಟಿ ಎಂ.ಎ. ಮುಗಿಸಿದ ಹೆಣ್ಣುಮಕ್ಕಳಿದ್ದಾರೆ. ಇದು ಯಾವ ಬಜೆಟ್ಟಿನ ಯಾವ ಕಾಲಮಿನಲ್ಲಿಯೂ ಕಾಣಿಸದ ಜಮೆ.

ಈಗ ಆ ವಿಶ್ವವಿದ್ಯಾನಿಲಯದ ಬೊಕ್ಕಸ ಬರಿದಾಗಿದೆಯೆಂಬುದು ಜಗಜ್ಜಾಹೀರು. ನಿವೃತ್ತರಿಗೆ ಪಿಂಚಣಿ ಕೊಡಲು, ಅತಿಥಿ ಉಪನ್ಯಾಸಕರಿಗೆ ಸಂಬಳ ಕೊಡಲು ತಡಕಾಡಬೇಕಾದ ಸ್ಥಿತಿ ಬಂತು. ಹೇಗೆ ಬಂತು? ಪಿಂಚಣಿಯ ಹೊರೆಯಲ್ಲಿ ಒಂದು ಪಾಲನ್ನು ನಿಮ್ಮ ಸ್ವಂತ ಸಂಪನ್ಮೂಲದಿಂದಲೇ ಭರಿಸಿಕೊಳ್ಳಿರಿ ಎಂದು ಸರಕಾರ ವಿಶ್ವವಿದ್ಯಾನಿಲಯಗಳ ಹೆಗಲಿಗೆ ಹಾಕಿತು. ಸ್ವಂತ ಸಂಪನ್ಮೂಲ ಎಂದರೇನು? ಕೊಣಾಜೆಯಲ್ಲಿ ಚಿನ್ನದ ಗಣಿ ಇಲ್ಲ. ಸಂಯೋಜಿತ ಕಾಲೇಜುಗಳಿಂದ ಬರುವ ಶುಲ್ಕ, ಪರೀಕ್ಷಾ ಶುಲ್ಕ – ಎಂದರೆ ವಿದ್ಯಾರ್ಥಿಯ ಜೇಬು. ಆ ಆದಾಯವೂ ಇಳಿಯಿತು. ದೊಡ್ಡ ಖಾಸಗಿ ಕಾಲೇಜುಗಳು ಸ್ವಾಯತ್ತವಾದವು. 2023ರಲ್ಲಿ ಕೊಡಗಿನ ಕಾಲೇಜುಗಳು ಬೇರೆಯಾದವು. 2024ರಲ್ಲಿ ಸಂತ ಅಲೋಶಿಯಸ್ ಕಾಲೇಜು ಡೀಮ್ಡ್ ವಿಶ್ವವಿದ್ಯಾನಿಲಯವಾಗಿ ತನ್ನ ದಾರಿ ಹಿಡಿಯಿತು. ಕೊಣಾಜೆಗೆ ಹೋಗುವ ದಾರಿಯಲ್ಲೇ ದೇರಳಕಟ್ಟೆಯಲ್ಲಿ 2008ರಿಂದ ಎರಡು ಡೀಮ್ಡ್ ವಿಶ್ವವಿದ್ಯಾನಿಲಯಗಳು ತಲೆಯೆತ್ತಿ ನಿಂತಿವೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಕು, ಯಾವ ವಿದ್ಯೆ ಬೆಳೆಯುತ್ತಿದೆ, ಯಾವುದು ಸೊರಗುತ್ತಿದೆಯೆಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಇಂತಹ ಸ್ಥಿತಿಯಲ್ಲಿ ಹೊರಬೀಳುವ ಪರಿಹಾರ ಯಾವುದು? ಹೆಚ್ಚು ಮಂದಿ ಸೇರದ ವಿಷಯಗಳನ್ನು ಮುಚ್ಚಿರಿ, ವಿಭಾಗಗಳನ್ನು ಒಂದಕ್ಕೊಂದು ಕೂಡಿಸಿರಿ, ಶುಲ್ಕ ಏರಿಸಿರಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು.

ಇಲ್ಲಿ ನಮ್ಮ ವ್ಯಾಪಾರಿ ಮಿತ್ರರೊಬ್ಬರು ನ್ಯಾಯವಾದ ಪ್ರಶ್ನೆ ಕೇಳಿದರು: "ಗಿರಾಕಿ ಇಲ್ಲದ ಅಂಗಡಿಯನ್ನು ನಾವೂ ಮುಚ್ಚುವುದಿಲ್ಲವೇ? ಹತ್ತು ಮಂದಿಗೋಸ್ಕರ ಒಂದು ವಿಭಾಗ ನಡೆಸುವುದು ಯಾವ ಲೆಕ್ಕ?" ಒಪ್ಪೋಣ. ಆದರೆ ಅಂಗಡಿಯಲ್ಲಿ ಸಾಮಾನು ತುಂಬದೆ, ತಕ್ಕಡಿ ಹಿಡಿಯುವವನನ್ನು ನೇಮಿಸದೆ, ಅರ್ಧ ದಿನ ಬಾಗಿಲು ಎಳೆದಿಟ್ಟು, ಆಮೇಲೆ ಗಿರಾಕಿ ಬರಲಿಲ್ಲ ಎನ್ನುವ ಧನಿಗೆ ನೀವು ಏನೆನ್ನುತ್ತೀರಿ? ರಾಜ್ಯದ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಮಂಜೂರಾದ ಅಧ್ಯಾಪಕ ಹುದ್ದೆಗಳ ಪೈಕಿ ಅರ್ಧಕ್ಕಿಂತ ಹೆಚ್ಚು ಖಾಲಿ ಬಿದ್ದವು. ಪಾಠ ನಡೆದದ್ದು ಅತಿಥಿಗಳಿಂದ. ಈ 'ಅತಿಥಿ' ಎಂಬ ಮಾತೇ ಒಂದು ವಿನೋದ: ಊಟವಿಲ್ಲದ, ಹಾಸಿಗೆಯಿಲ್ಲದ, ವರ್ಷಾಂತ್ಯಕ್ಕೆ ಹೊರಗೆ ದಬ್ಬಿಸಿಕೊಳ್ಳುವ ಅತಿಥಿ! ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು 2023ರ ಕೊನೆಯಲ್ಲಿ ಪಾಠ ನಿಲ್ಲಿಸಿ ಬೀದಿಗಿಳಿದರು. ತರಗತಿಗಳು ಬರಿದಾದವು. ನಷ್ಟ ಯಾರಿಗೆ? ಫೀಸು ಮೊದಲೇ ಕಟ್ಟಿ ಕುಳಿತವನಿಗೆ.

ಕೊಡಗಿನ ಕಥೆಯನ್ನು ತುಸು ವಿವರವಾಗಿ ಹೇಳಬೇಕಾಗಿದೆ. ಚಿಕ್ಕ ಅಳುವಾರದಲ್ಲಿದ್ದ ಮಂಗಳೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರಕ್ಕೆ ಅಂದಿನ ಭಾರತೀಯ ಜನತಾ ಪಕ್ಷದ ಸರಕಾರ 2023ರ ಮಾರ್ಚಿನಲ್ಲಿ ಕೊಡಗು ವಿಶ್ವವಿದ್ಯಾನಿಲಯವೆಂಬ ಬೋರ್ಡು ಹಾಕಿತು. ಹೊಸ ಜಾಗ ಬೇಡ, ಹೊಸ ಕಟ್ಟಡ ಬೇಡ, ಇದ್ದುದರಲ್ಲೇ ನಡೆಯಲಿ ಎಂಬುದು ಅವರ ಜಾಣತನ. ಚುನಾವಣೆ ಹತ್ತಿರವಿತ್ತು, ಬೋರ್ಡಿಗೆ ಬಣ್ಣ ಅಗ್ಗ. ಅನಂತರ ಬಂದ ಕಾಂಗ್ರೆಸ್ ಸರಕಾರದಲ್ಲಿ ಉಪಮುಖ್ಯಮಂತ್ರಿಗಳ ನೇತೃತ್ವದ ಸಂಪುಟ ಉಪಸಮಿತಿ 2025ರ ಫೆಬ್ರವರಿಯಲ್ಲಿ ಹೊಸ ಹತ್ತು ವಿಶ್ವವಿದ್ಯಾನಿಲಯಗಳ ಪೈಕಿ ಕೊಡಗು ಸೇರಿ ಒಂಬತ್ತನ್ನು ಮುಚ್ಚುವ ತೀರ್ಮಾನಕ್ಕೆ ಬಂತು. ಹಣವಿಲ್ಲ, ಜಾಗವಿಲ್ಲ, ಸಿಬ್ಬಂದಿಯಿಲ್ಲ ಎಂಬುದು ಕಾರಣ. ಒಬ್ಬರು ತೊಟ್ಟಿಲು ಕೊಂಡರು, ಹಾಲು ಕೊಡಲಿಲ್ಲ. ಇನ್ನೊಬ್ಬರು ಬಂದು ಮಗು ಬಡಕಲೆಂದು ತೊಟ್ಟಿಲನ್ನೇ ಹೊರಗಿಡಲು ಹೊರಟರು. ಹಾಲು ತರಿಸೋಣವೆಂದು ಇಬ್ಬರಿಗೂ ಹೊಳೆಯಲಿಲ್ಲ.

ಆ ವರ್ಷಗಳಲ್ಲಿ ಪದವಿ ತರಗತಿ ಸೇರಿದ ಮಡಿಕೇರಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳಿರಿ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೆಂದು ನಾಲ್ಕು ವರ್ಷದ ಪದವಿ ಬಂತು. ದೇಶಕ್ಕೇ ನಾವು ಮೊದಲೆಂದು ಬೆನ್ನು ತಟ್ಟಿಕೊಂಡರು. 2024ರ ಮೇ ತಿಂಗಳಲ್ಲಿ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದರು. ಅಕ್ಕ ಓದಿದ ಪುಸ್ತಕ ತಂಗಿಗೆ ಬರಲಿಲ್ಲ. ಅಕ್ಕನಿಗೆ ಪ್ರವೇಶ ಕೊಟ್ಟದ್ದು ಮಂಗಳೂರು, ತಂಗಿಗೆ ಕೊಡಗು. ಅದನ್ನೂ ಮುಚ್ಚುತ್ತಾರಂತೆ ಎಂಬ ಸುದ್ದಿ. ಬಿ.ಎ. ಮುಗಿಸಿ ಕೆಲಸ ಕೇಳಲು ಹೋದಾಗ ಎದುರಿಗೆ ಕುಳಿತವನು "ಇದು ಯಾವ ವಿಶ್ವವಿದ್ಯಾನಿಲಯವಮ್ಮಾ, ಇನ್ನೂ ಇದೆಯೇ?" ಎಂದರೆ ಅವಳೇನು ಹೇಳಬೇಕು? ಚಿಕ್ಕ ಅಳುವಾರ ನಿಂತುಹೋದರೆ ಮುಂದಿನ ಓದಿಗೆ ಕೊಣಾಜೆಯೇ ಗತಿ. ಮಡಿಕೇರಿಯಿಂದ ಮಂಗಳೂರಿಗೆ ಸಂಪಾಜೆ ಘಾಟಿಯಿಳಿದು 130 ಕಿಲೋಮೀಟರಿಗೂ ಮಿಕ್ಕಿದ ದಾರಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಆ ದಾರಿಯೇ ಕಡಿದುಹೋಗಿತ್ತು. ದಿನವೂ ಹೋಗಿ ಬರುವಂತಿಲ್ಲ. ಹಾಸ್ಟೆಲು ಸಿಗದಿದ್ದರೆ ಬಾಡಿಗೆ ಕೋಣೆ. ಆ ಬಾಡಿಗೆ ಕಟ್ಟುವವರು ಕಾಫಿ ತೋಟದ ಕೂಲಿಯವರು, ಸಂಪುಟ ಉಪಸಮಿತಿಯವರಲ್ಲ.

ಹೆಂಗಸರಿಗೆ ಬಸ್ಸು ಪುಕ್ಕಟೆಯಲ್ಲವೇ ಎಂದು ಬೆಂಗಳೂರಿನಿಂದ ಯಾರಾದರೂ ಕೇಳಬಹುದು. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆ ಸರಕಾರಿ ಬಸ್ಸಿಗೆ ಮಾತ್ರ. ನಮ್ಮ ಊರಿನಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸು. ಕಂಡಕ್ಟರನು ಶಕ್ತಿಯನ್ನು ಕೇಳುವುದಿಲ್ಲ, ಚಿಲ್ಲರೆ ಕೇಳುತ್ತಾನೆ.

ಬೀಡಿ ಕಾರ್ಮಿಕರ ಮಕ್ಕಳ ವಿದ್ಯಾರ್ಥಿ ವೇತನಕ್ಕೆ ಆಧಾರವಾಗಿದ್ದ 1976ರ ಬೀಡಿ ಸೆಸ್ಸನ್ನೂ 2017ರಲ್ಲಿ ಜಿ.ಎಸ್.ಟಿ. ಬಂದಾಗ ರದ್ದು ಮಾಡಿದರು. ಕೈಯಲ್ಲಿ ಕಟ್ಟಿದ ಬೀಡಿಯಿಂದಲೇ ಕೂಡಿಬರುತ್ತಿದ್ದ ಆ ನಿಧಿ ಹೋಗಿ, ವೇತನವು ಕೇಂದ್ರ ಬಜೆಟ್ಟಿನ ದಯೆಗೆ ಬಿತ್ತು.

ಮಿತ್ರರೇ, ಜಮಾಖರ್ಚು ಬರೆಯಬಲ್ಲ ಯಾವ ವ್ಯಾಪಾರಿಯೂ ಇದನ್ನು ಉಳಿತಾಯವೆನ್ನಲಾರ. ಸರಕಾರದ ಪುಸ್ತಕದಿಂದ ಹೊಡೆದು ಹಾಕಿದ ಖರ್ಚನ್ನೆಲ್ಲ ನಮ್ಮ ಪುಸ್ತಕಕ್ಕೆ ಎತ್ತಿ ಬರೆದಿದ್ದಾರೆ: ಬಸ್ಸು, ಬಾಡಿಗೆ, ಏರಿದ ಫೀಸು, ಕೈತಪ್ಪಿದ ವರ್ಷ. ಹಂಪನಕಟ್ಟೆಯಲ್ಲಿ ವಿಶ್ವವಿದ್ಯಾನಿಲಯ ಸಂಧ್ಯಾ ಕಾಲೇಜು ನಡೆಸಿದ್ದು, ಹಗಲು ಅಂಗಡಿಯಲ್ಲೋ ಆಫೀಸಿನಲ್ಲೋ ದುಡಿದವರು ಸಂಜೆ ಓದಲೆಂದು. ಅಂತಹ ತರಗತಿಯನ್ನು ಕಳೆದುಕೊಂಡವನು ಬೇರೆ ಕಾಲೇಜಿಗೆ ಹೋಗುವುದಿಲ್ಲ. ಓದನ್ನೇ ಬಿಡುತ್ತಾನೆ. ಬಿಟ್ಟವನ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ.

ಹಣವಿಲ್ಲವೆಂಬ ಮಾತನ್ನು ನಾವು ನಂಬುವುದಿಲ್ಲ. ರಾಷ್ಟ್ರೀಯ ಆದಾಯದ ನೂರಕ್ಕೆ 6ರಷ್ಟನ್ನು ವಿದ್ಯೆಗೆ ತೆಗೆದಿಡಬೇಕೆಂದು 1966ರಲ್ಲೇ ಕೊಠಾರಿ ಆಯೋಗ ಹೇಳಿತು. 2020ರ ನೀತಿಯೂ ಅದೇ 6ನ್ನು ಮತ್ತೆ ಬರೆಯಿತು. ಬರೆಯುವುದಕ್ಕೆ ಶಾಯಿ ಸಾಕು.

ಆದುದರಿಂದ ನಮ್ಮ ಬೇಡಿಕೆ ಇಷ್ಟು. ಪಿಂಚಣಿಯ ಪೂರ್ಣ ಹೊಣೆಯನ್ನು ರಾಜ್ಯದ ಖಜಾನೆ ಹೊರಲಿ. ವಿದ್ಯಾರ್ಥಿಯ ಪರೀಕ್ಷಾ ಶುಲ್ಕದಿಂದ ಪಿಂಚಣಿ ಕೊಡುವುದು ನಿವೃತ್ತ ಗುರುಗಳಿಗೂ ಗೌರವವಲ್ಲ. ಖಾಲಿ ಹುದ್ದೆಗಳು ಭರ್ತಿಯಾಗುವ ತನಕ ಗಿರಾಕಿ ಇಲ್ಲವೆಂಬ ನೆಪದಲ್ಲಿ ಒಂದು ವಿಭಾಗವೂ ಮುಚ್ಚಕೂಡದು. ಪ್ರವೇಶ ಕೊಟ್ಟ ವಿದ್ಯಾರ್ಥಿಗೆ ಅದೇ ಊರಿನಲ್ಲಿ, ಅದೇ ಶುಲ್ಕದಲ್ಲಿ ಓದು ಮುಗಿಸಿಕೊಡುವ ಲಿಖಿತ ಭರವಸೆ ಬೇಕು. ವಿಶ್ವವಿದ್ಯಾನಿಲಯದ ಜಮಾಖರ್ಚನ್ನು, ಕಟ್ಟಡಗಳ ವೆಚ್ಚ ಸಹಿತ, ಕನ್ನಡದಲ್ಲಿ ಅಚ್ಚು ಹಾಕಿಸಿ ಸಾರ್ವಜನಿಕರಿಗೆ ಹಂಚಲಿ. ಯೂನಿಯನಿನ ಮುಂದಿನ ಸಭೆಯಲ್ಲಿ ಬೋನಸ್ಸಿನ ಮಾತಿನ ಜೊತೆಗೆ ಇದನ್ನೂ ಎತ್ತಿರಿ. ವರ್ತಕರ ಸಂಘದವರೂ ಒಂದು ಠರಾವು ಮಾಡಲಿ. ಶಾಸಕರು ಬಡಾವಣೆಗೆ ಬಂದಾಗ ಹಾರ ಹಾಕುವ ಮೊದಲು ಕೇಳಿರಿ: ಕೊಣಾಜೆಯ ಯಾವ ವಿಭಾಗದಲ್ಲಿ ಖಾಯಂ ಅಧ್ಯಾಪಕರು ಎಷ್ಟು ಮಂದಿ ಉಳಿದಿದ್ದಾರೆ, ಈ ಪ್ರಶ್ನೆಯನ್ನು ವಿಧಾನಸಭೆಯಲ್ಲಿ ಯಾವ ದಿನ ಕೇಳುವಿರಿ?