ಒಣಗಿ ಹೋಗುವ ಹೂಗಿಡವೇ ನಮ್ಮ ಶಾಲೆಗೆ ಸರಿ

 

ನಮ್ಮ ಕೈತೋಟದಲ್ಲಿ ಯಾವ ಗಿಡ ಹಾಕಬೇಕು ಅಂತ ಈಗ ಮಾತು ನಡೀತಾ ಇದೆ. ಗುಲಾಬಿ, ಕ್ರೋಟನ್ ಹಾಕೋಣ, ಒಂದು ಸಲ ನೆಟ್ಟರೆ ಮುಗೀತು ಅಂತ ಕೆಲವರು ಹೇಳ್ತಾರೆ. ಚೆಂಡು ಹೂವು, ಜೀನಿಯಾ, ಕರ್ಣಕುಂಡಲ, ಕೋಳಿಜುಟ್ಟು ಇವೆಲ್ಲ ಮೂರ್ನಾಲ್ಕು ತಿಂಗಳಿಗೇ ಒಣಗುತ್ತವೆ, ಸುಮ್ಮನೆ ಯಾಕೆ ಕಷ್ಟ ಅಂತಾರೆ. ನನ್ನ ಅಭಿಪ್ರಾಯ ಬೇರೆ. ಒಣಗಿ ಹೋಗುವ ಗಿಡವೇ ನಮಗೆ ಸರಿ.

ಮೊದಲನೆಯ ಕಾರಣ ನೀರು. ಬೇಸಿಗೆ ರಜೆಯಲ್ಲಿ ಶಾಲೆಗೆ ಬೀಗ. ಆಗ ಗುಲಾಬಿಗೆ ನೀರು ಹಾಕುವವರು ಯಾರು? ಚೆಂಡು ಹೂವಿಗೆ ಆ ಚಿಂತೆ ಇಲ್ಲ. ರಜೆ ಬರುವಷ್ಟರಲ್ಲಿ ಅದು ಬೀಜ ಕೊಟ್ಟಿರುತ್ತೆ. ಬೀಜಕ್ಕೆ ನೀರು ಬೇಡ, ಒಂದು ಕಾಗದದ ಪೊಟ್ಟಣ ಸಾಕು.

ಎರಡನೆಯದು ದಿನದ ಲೆಕ್ಕ. ಜೂನ್ ಮೊದಲ ವಾರ ಬಿತ್ತಿದರೆ ಸುಮಾರು 60 ದಿನಕ್ಕೆ ಹೂ ಬರುತ್ತೆ. ಆಗಸ್ಟ್ 15ಕ್ಕೆ ಧ್ವಜದ ಕಟ್ಟೆಗೆ ನಮ್ಮದೇ ಹೂ! ನವೆಂಬರ್ ಮೊದಲಲ್ಲಿ ಬಿತ್ತಿದರೆ ಜನವರಿ 26ಕ್ಕೆ ಸಿಗುತ್ತೆ. ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನವೂ ಇವೇ ಎರಡು ಹಬ್ಬಗಳ ಸಮಯಕ್ಕೆ ನಡೆಯುತ್ತೆ. 1889ರ ಗಾಜಿನ ಮನೆ ಇರುವ ಅಷ್ಟು ದೊಡ್ಡ ತೋಟಕ್ಕೇ ಇಂಥ ಹೂ ಬೇಕಾದರೆ ನಮಗೆ ಯಾಕೆ ಬೇಡ?

ಮೂರನೆಯದು ಪಾಠ. ಬೀಜ, ಮೊಳಕೆ, ಹೂ, ಮತ್ತೆ ಬೀಜ, ಎಲ್ಲಾ ಒಂದೇ ವರ್ಷದಲ್ಲಿ ಕಣ್ಣಾರೆ ನೋಡಬಹುದು. ಒಂದು ಚೆಂಡು ಹೂವು ಅಂದರೆ ಒಂದೇ ಹೂವಲ್ಲ, ಬಹಳ ಪುಟ್ಟ ಹೂಗಳ ಗೊಂಚಲು. ಬಿಡಿಸಿ ನೋಡಿ. ಕರ್ಣಕುಂಡಲದ ಮಾಗಿದ ಕಾಯಿ ಮುಟ್ಟಿದರೆ ಸಾಕು, ಪಟ್ ಅಂತ ಸಿಡಿದು ಬೀಜ ಹಾರುತ್ತೆ. ಹೊಸಹಳ್ಳಿಗೆ 2015ರಲ್ಲಿ ಮೆಟ್ರೊ ಬಂತು, ಸುತ್ತ ಮನೆ ಅಂಗಡಿಗಳೇ ತುಂಬಿವೆ. ಹೂ ಇದ್ದರೆ ತಾನೇ ಚಿಟ್ಟೆ, ಜೇನುನೊಣ ನಮ್ಮ ಕಡೆ ಬರೋದು?

ಕಷ್ಟ ಇಲ್ಲ ಅಂತ ನಾನು ಹೇಳೋದಿಲ್ಲ. ವರ್ಷಕ್ಕೆ ಎರಡು ಸಲ ಮಣ್ಣು ಅಗೆದು ಗೊಬ್ಬರ ಹಾಕಬೇಕು. ದಸರಾ ರಜೆಯಲ್ಲಿ ಹತ್ತಿರದ ಮನೆಯವರು ಸರದಿ ಪ್ರಕಾರ ಬಂದು ನೀರು ಹಾಕಬೇಕು. ಹೈಬ್ರಿಡ್ ಬೀಜ ಬೇಡ, ಅದರ ಬೀಜ ಮತ್ತೆ ಬಿತ್ತಿದರೆ ಹೂ ಹಾಗೇ ಬರೋದಿಲ್ಲ. ನಾಟಿ ಬೀಜವೇ ಇರಲಿ. ಎಲ್ಲಕ್ಕಿಂತ ಮುಖ್ಯ, ಎಲ್ಲಾ ಹೂ ಜಡೆಗೆ ಕೀಳಬಾರದು. ದಪ್ಪನೆಯ ನಾಲ್ಕು ಹೂ ಗಿಡದಲ್ಲೇ ಒಣಗಲಿ, ಬೀಜಕ್ಕೆ.

ಚೆಂಡು ಹೂವಿನ ತವರು ಮೆಕ್ಸಿಕೊ. ಕೈಯಿಂದ ಕೈಗೆ ಬೀಜ ದಾಟಿದ್ದಕ್ಕೇ ಇವತ್ತು ನಮ್ಮ ಆಯುಧ ಪೂಜೆಗೂ ಅದೇ ಹೂ. ಏಳನೇ ತರಗತಿಯವರು ನಾವು ಮುಂದಿನ ವರ್ಷ ಇಲ್ಲಿ ಇರೋದಿಲ್ಲ. ಆರನೇ ತರಗತಿಯವರ ಕೈಗೆ ಬೀಜದ ಪೊಟ್ಟಣ ಕೊಟ್ಟು ಹೋಗಬೇಕು ಅಂತ ನನ್ನ ಆಸೆ. ಗುರುಗಳು ಗೋಡೆ ಪಕ್ಕ ಮೂರು ಅಡಿ ಜಾಗ ಬಿಟ್ಟುಕೊಡಬೇಕೆಂದು ಕೇಳಿಕೊಳ್ಳುತ್ತೇನೆ.